ಕಿರೀಟ ಹೊತ್ತ ಎಳೆಯ ಮುಖಗಳು



ಕ್ರಿಸ್ತಶಕ ೩೬೭ನೆಯ ಇಸವಿ, ಆಗಸ್ಟ್ ತಿಂಗಳು. ಇಂದಿನ ಫ್ರಾನ್ಸ್ ದೇಶದ ಅಮಿಯೆನ್ ಎಂಬ ಊರು. ಬಯಲಿನಲ್ಲಿ ರೋಮನ್ ಸೈನ್ಯ ನೆರೆದಿದೆ. ಎತ್ತರದ ಕಟ್ಟೆಯ ಮೇಲೆ ಚಕ್ರವರ್ತಿ ವ್ಯಾಲೆಂಟಿನಿಯನ್ ನಿಂತಿದ್ದಾನೆ. ದೊಡ್ಡ ಕಾಯಿಲೆಯಿಂದ ಎದ್ದು ಬಂದವನು. ಅವನು ಹಾಸಿಗೆ ಹಿಡಿದಾಗಲೇ ಮುಂದಿನ ಚಕ್ರವರ್ತಿ ಯಾರಾಗಬೇಕೆಂಬ ಮಾತು ಶುರುವಾಗಿತ್ತು. ಈಗ ಅವನು ತನ್ನ ಮಗನನ್ನು ಸೈನಿಕರ ಮುಂದೆ ನಿಲ್ಲಿಸುತ್ತಾನೆ. ಹುಡುಗನ ಹೆಸರು ಗ್ರೇಷಿಯನ್. ವಯಸ್ಸು ಎಂಟು. ಅವನ ತಲೆಗೆ ಕಿರೀಟ, ಮೈಗೆ ನೇರಳೆ ಬಣ್ಣದ ರಾಜವಸ್ತ್ರ. ಸೈನ್ಯ ಜಯಕಾರ ಹಾಕುತ್ತದೆ. ಎಂಟು ವರ್ಷದ ಹುಡುಗ ತಂದೆಗೆ ಸರಿಸಮನಾದ ಚಕ್ರವರ್ತಿಯಾಗುತ್ತಾನೆ.

ಇಷ್ಟಾದ ಮೇಲೆ ಒಂದು ಕೆಲಸ ಉಳಿಯುತ್ತದೆ. ಹೊಸ ಚಕ್ರವರ್ತಿಯ ಮುಖ ರಾಜ್ಯದ ಮೂಲೆಮೂಲೆಗೆ ತಿಳಿಯಬೇಕು. ಆಗ ಪತ್ರಿಕೆ ಇಲ್ಲ, ಫೋಟೊ ಇಲ್ಲ. ಆ ಕೆಲಸ ಶಿಲ್ಪಿಯದು. ನೀವೇ ಆ ಶಿಲ್ಪಿ ಎಂದುಕೊಳ್ಳಿ. ನಿಮ್ಮ ಮುಂದೆ ಅಮೃತಶಿಲೆಯ ಗುಂಡು ಇದೆ, ಕೈಯಲ್ಲಿ ಉಳಿ ಇದೆ. ಕಡೆಯಬೇಕಾದ್ದು ಎಂಟು ವರ್ಷದ ಮುಖ. ತುಂಬಿದ ಕೆನ್ನೆ, ಸಣ್ಣ ಗಲ್ಲ, ಗೆರೆಯಿಲ್ಲದ ಹಣೆ. ಹಾಗೆಯೇ ಕಡೆದರೆ ಅದು ಮಗು. ಮಗುವಿಗೆ ಯಾವ ಸೈನಿಕ ಹೆದರುತ್ತಾನೆ? ಹಾಗೆ ಕಡೆಯದಿದ್ದರೆ ಅದು ಆ ಹುಡುಗನ ಮುಖವೇ ಅಲ್ಲ. ಈ ಇಕ್ಕಟ್ಟನ್ನು ರೋಮಿನ ಶಿಲ್ಪಿಗಳು ನಾನೂರು ವರ್ಷ ಹೇಗೆ ಎದುರಿಸಿದರು? ಇಂದಿನ ನನ್ನ ಮಾತೆಲ್ಲ ಇದರ ಸುತ್ತಲೇ.

ತಿಳವಳ್ಳಿ, ಹಾನಗಲ್ಲು, ಹಿರೇಕೆರೂರು, ಶಿಗ್ಗಾವಿ, ಸವಣೂರು ಕಡೆಯಲ್ಲಿ ಕೂತು ಕೇಳುತ್ತಿರುವವರಿಗೆ ಎಲ್ಲಿಯ ರೋಮ್, ಎಲ್ಲಿಯ ನಾವು ಅನ್ನಿಸೀತು. ಆದರೆ ಆ ಸಾಮ್ರಾಜ್ಯದ ಅರಸುಮುಖಗಳು ನಮ್ಮ ಸೀಮೆಯ ಮಣ್ಣಿಗೂ ಬಂದಿದ್ದವು. ಸ್ವಲ್ಪ ತಾಳಿ, ಅಲ್ಲಿಗೂ ಬರುತ್ತೇನೆ.

ಮೊದಲು ಕಲ್ಲಿನ ವಿಷಯ. ತಿಳವಳ್ಳಿಯ ಶಾಂತೇಶ್ವರ ಗುಡಿಯನ್ನು ನಿಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಸೇವುಣರ ಸಿಂಘಣನ ಕಾಲದಲ್ಲಿ, ೧೨೩೮ರ ಸುಮಾರಿಗೆ, ಸಾವಂತ ಠಕ್ಕುರ ಕಟ್ಟಿಸಿದ ಗುಡಿ ಅದು. ಅಲ್ಲಿಯ ಕಂಬಗಳು ಬಳಪದ ಕಲ್ಲಿನವು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಬಣ್ಣ ಹಸಿರುಗಪ್ಪು. ಅದಕ್ಕೆ ಹೊಳಪು ಕೊಟ್ಟರೆ ಬೆಳಕು ಮೇಲ್ಮೈಯಿಂದಲೇ ಹಿಂದಕ್ಕೆ ಹಾರುತ್ತದೆ. ಅಮೃತಶಿಲೆಯ ಗುಣ ಬೇರೆ. ಅದು ಬಿಳಿಯ ಹರಳುಗಳ ಕಲ್ಲು. ಬೆಳಕು ಸ್ವಲ್ಪ ಒಳಕ್ಕೆ ಇಳಿದು ಆಮೇಲೆ ಹೊರಗೆ ಬರುತ್ತದೆ. ಅದಕ್ಕೇ ಆ ಕಲ್ಲಿನಲ್ಲಿ ಕಡೆದ ಕೆನ್ನೆ ಚರ್ಮದ ಹಾಗೆ ಕಾಣುತ್ತದೆ. ಮಗುವಿನ ಮುಖ ಕಡೆಯಲು ಇದಕ್ಕಿಂತ ಒಳ್ಳೆಯ ಕಲ್ಲು ಇಲ್ಲವೆಂದೇ ನನ್ನ ನಂಬಿಕೆ. ರೋಮನ್ನರು ಅದನ್ನು ಇಟಲಿಯ ಕರಾರಾ ಬೆಟ್ಟದಿಂದ, ಗ್ರೀಸಿನ ದ್ವೀಪಗಳಿಂದ, ಇಂದಿನ ಟರ್ಕಿಯ ಗಣಿಗಳಿಂದ ತರಿಸುತ್ತಿದ್ದರು. ಕಡೆದ ಮೇಲೆ ಕಣ್ಣಿಗೆ, ತುಟಿಗೆ, ಕೂದಲಿಗೆ ಬಣ್ಣ ಹಚ್ಚುತ್ತಿದ್ದರು. ಇಂದು ಸಂಗ್ರಹಾಲಯಗಳಲ್ಲಿ ಬೆಳ್ಳಗೆ ಕಾಣುವ ಮುಖಗಳು ಅಂದು ಹಾಗೆ ಇರಲಿಲ್ಲ.

ಕಲ್ಲು ಗೊತ್ತಾಯಿತು. ಶಿಲ್ಪಿಯ ಇಕ್ಕಟ್ಟೂ ಗೊತ್ತಾಯಿತು. ಇನ್ನು ಮಕ್ಕಳ ಕಡೆಗೆ ಹೋಗೋಣ.

ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್. ಅವನ ಕಾಲದಲ್ಲಿ, ಕ್ರಿಸ್ತಪೂರ್ವ ೯ರಲ್ಲಿ, ಶಾಂತಿಗೆ ಅರ್ಪಿಸಿದ ಒಂದು ಯಜ್ಞವೇದಿಕೆ ರೋಮಿನಲ್ಲಿ ಸಿದ್ಧವಾಯಿತು. ಅದರ ಗೋಡೆಗಳ ಮೇಲೆ ಅಮೃತಶಿಲೆಯ ಮೆರವಣಿಗೆ ಇದೆ. ಅರಸು ಮನೆತನದ ಗಂಡಸರು, ಹೆಂಗಸರು, ಅವರ ನಡುವೆ ಮಕ್ಕಳು. ಒಂದು ಮಗು ಪಕ್ಕದ ಹಿರಿಯನ ಬಟ್ಟೆ ಹಿಡಿದು ಜಗ್ಗುತ್ತಿದೆ. ಹಿಂದೆ ಒಬ್ಬಾಕೆ ತುಟಿಯ ಮೇಲೆ ಬೆರಳಿಟ್ಟು, ಮಾತಿಗಿಳಿದವರನ್ನು ಸುಮ್ಮನಿರಿಸುತ್ತಿದ್ದಾಳೆ. ಮಕ್ಕಳು ಮೆರವಣಿಗೆಯಲ್ಲಿ ಮಕ್ಕಳಂತೆಯೇ ನಡೆದಿದ್ದಾರೆ. ಬೇಸರ, ಕುತೂಹಲ, ದೊಡ್ಡವರ ಕೈ ಬಿಡದ ಅಂಜಿಕೆ, ಎಲ್ಲವೂ ಕಲ್ಲಿನಲ್ಲಿ ಉಳಿದಿದೆ.

ಆದರೆ ಆಗಸ್ಟಸ್‌ನ ಕಾಲದಲ್ಲೇ ಇನ್ನೊಂದು ದಾರಿಯೂ ಶುರುವಾಗಿತ್ತು. ಅವನಿಗೆ ಗಂಡುಮಕ್ಕಳಿರಲಿಲ್ಲ. ಮಗಳ ಮಕ್ಕಳಾದ ಗೈಯಸ್ ಮತ್ತು ಲೂಸಿಯಸ್‌ರನ್ನು ಅವನು ದತ್ತು ತೆಗೆದುಕೊಂಡ. ಆಗ ಗೈಯಸ್‌ಗೆ ಮೂರು ವರ್ಷ, ಲೂಸಿಯಸ್ ಅದೇ ವರ್ಷ ಹುಟ್ಟಿದ ಕೂಸು. ಇವರ ಪ್ರತಿಮೆಗಳು ಊರೂರಿಗೆ ಹೋದವು. ಆ ಮುಖಗಳಲ್ಲಿ ಹಣೆಯ ಮೇಲೆ ಬೀಳುವ ಕೂದಲನ್ನು ಗಮನಿಸಬೇಕು. ಅಜ್ಜನ ಹಣೆಯ ಮೇಲೆ ಕೂದಲು ಹೇಗೆ ಕವಲೊಡೆಯುತ್ತದೋ ಮೊಮ್ಮಕ್ಕಳ ಹಣೆಯ ಮೇಲೂ ಹಾಗೆಯೇ ಕಡೆದಿದ್ದಾರೆ. ನೋಡಿದವರಿಗೆ ತಕ್ಷಣ ತಿಳಿಯಬೇಕು, ಇವರು ಆಗಸ್ಟಸ್‌ನ ವಾರಸುದಾರರು ಎಂದು. ಇಬ್ಬರೂ ಚಕ್ರವರ್ತಿಗಳಾಗಲಿಲ್ಲ. ಲೂಸಿಯಸ್ ಕ್ರಿಸ್ತಶಕ ೨ರಲ್ಲಿ, ಗೈಯಸ್ ೪ರಲ್ಲಿ, ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಕಲ್ಲಿನ ಮುಖಗಳು ಮಾತ್ರ ಉಳಿದವು.

ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಬಾಲಕ ನೀರೊನ ಪ್ರತಿಮೆಯಿದೆ. ಕ್ರಿಸ್ತಶಕ ೫೦ರ ಸುಮಾರಿನದು. ಮೈತುಂಬ ಹೊದ್ದ ಬಟ್ಟೆ. ಕೊರಳಲ್ಲಿ ದುಂಡನೆಯ ತಾಯಿತ. ರೋಮಿನ ಸ್ವತಂತ್ರ ಮನೆತನಗಳ ಹುಡುಗರು ದೊಡ್ಡವರಾಗುವವರೆಗೆ ಅದನ್ನು ಹಾಕಿಕೊಳ್ಳುತ್ತಿದ್ದರು, ಕೆಟ್ಟ ದೃಷ್ಟಿ ತಾಗದಿರಲಿ ಎಂದು. ಮುಂದೆ ಅವನು ಎಂಥ ಕ್ರೂರ ಚಕ್ರವರ್ತಿಯಾದ ಎಂಬುದು ಲೋಕಕ್ಕೆ ಗೊತ್ತು. ಆ ಕಲ್ಲಿನಲ್ಲಿ ನಿಂತಿರುವವನು ಮಾತ್ರ ತಾಯಿಯೊಬ್ಬಳು ತಾಯಿತ ಕಟ್ಟಿ ಕಳಿಸಿದ ಹುಡುಗ.

ಎರಡನೆಯ ಶತಮಾನದ ಮಾರ್ಕಸ್ ಆರೀಲಿಯಸ್‌ನ ಮನೆಗೆ ಬಂದರೆ ಮನಸ್ಸು ಭಾರವಾಗುತ್ತದೆ. ಆ ಚಕ್ರವರ್ತಿಗೂ ಅವನ ಹೆಂಡತಿ ಫಾಸ್ಟಿನಾಳಿಗೂ ಹನ್ನೆರಡಕ್ಕಿಂತ ಹೆಚ್ಚು ಮಕ್ಕಳು ಹುಟ್ಟಿದರು. ಬದುಕಿ ಬೆಳೆದವರು ಕೆಲವರೇ. ೧೬೧ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಒಂದು ನಾಲ್ಕು ವರ್ಷಕ್ಕೆ ಹೋಯಿತು. ಉಳಿದವನು ಕೊಮೊಡಸ್. ಇನ್ನೊಬ್ಬ ಮಗ ಆನಿಯಸ್ ವೇರಸ್ ಏಳು ವರ್ಷದವನಾಗಿ, ಕಿವಿಯ ಕೆಳಗೆ ಎದ್ದ ಗಡ್ಡೆಯನ್ನು ಕೊಯ್ದಾಗ ತೀರಿಕೊಂಡ. ಈ ಮಕ್ಕಳ ಅಮೃತಶಿಲೆಯ ಮುಖಗಳು ಕೆಲವು ಉಳಿದಿವೆ. ಗುಂಗುರು ಕೂದಲು, ಒದ್ದೆ ತುಟಿ, ದುಂಡು ಕೆನ್ನೆ. ಶಿಲ್ಪಿ ಇಲ್ಲಿ ಉಳಿಯ ಜೊತೆಗೆ ಕೊರೆಯುವ ಬೈರಿಗೆಯನ್ನೂ ಬಳಸಿದ್ದಾನೆ. ಗುಂಗುರಿನ ನಡುವೆ ಆಳವಾದ ತೂತು, ಅದರೊಳಗೆ ನೆರಳು. ಕಣ್ಣಿನ ಪಾಪೆಯನ್ನೂ ಕೊರೆದಿದ್ದಾನೆ. ಹೇಡ್ರಿಯನ್ ಚಕ್ರವರ್ತಿಯ ಕಾಲದಿಂದ ಈ ಪದ್ಧತಿ ಬೆಳೆಯಿತು. ಪಾಪೆ ಕೊರೆದ ಮೇಲೆ ಕಲ್ಲಿನ ಮಗು ಒಂದು ದಿಕ್ಕಿಗೆ ನೋಡುತ್ತದೆ.

ರೋಮಿನ ಕ್ಯಾಪಿಟೊಲಿನ್ ಸಂಗ್ರಹಾಲಯದಲ್ಲಿ ಹಾವನ್ನು ಹಿಸುಕುತ್ತಿರುವ ಬಾಲ ಹರ್ಕ್ಯುಲಿಸ್‌ನ ಅಮೃತಶಿಲೆಯ ಪ್ರತಿಮೆಯಿದೆ. ಅದರ ಮುಖ ಯಾವುದೋ ಅರಸುಮಗುವಿನದು ಎಂದು ವಿದ್ವಾಂಸರ ಎಣಿಕೆ. ಕೆಲವರು ಆನಿಯಸ್ ವೇರಸ್ ಎನ್ನುತ್ತಾರೆ, ಕೆಲವರು ನನ್ನ ಮಾತಿನಲ್ಲಿ ಮುಂದೆ ಬರುವ ಕ್ಯಾರಕಲ್ಲ ಎನ್ನುತ್ತಾರೆ. ಕಾಳಿಂಗನ ಹೆಡೆ ತುಳಿದ ಬಾಲಕೃಷ್ಣನನ್ನು ಗುಡಿಯ ಗೋಡೆಗಳ ಮೇಲೆ ನೋಡಿ ಬೆಳೆದ ನಮಗೆ ಅದು ಹೊಸದೆನಿಸದು. ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ದೇವರು ಮಗುವಾದ. ಅಲ್ಲಿ ಮಗುವನ್ನು ದೇವರ ವೇಷಕ್ಕೆ ಏರಿಸಿದರು.

ಕೇಳುಗರೆ, ಇಲ್ಲಿಯವರೆಗಿನ ಮಕ್ಕಳನ್ನು ಒಮ್ಮೆ ನೆನೆಯಿರಿ. ಬಟ್ಟೆ ಜಗ್ಗುವ ಮಗು, ತಾಯಿತದ ನೀರೊ, ಗುಂಗುರು ಕೂದಲಿನ ಅರಸುಕುವರರು. ಇವರ ತಂದೆಯೋ ಅಜ್ಜನೋ ಗಟ್ಟಿಯಾಗಿ ಸಿಂಹಾಸನದ ಮೇಲೆ ಕೂತಿದ್ದ. ಮಗು ಮಗುವಾಗಿರಲು ಅವಕಾಶವಿತ್ತು. ಇನ್ನು ಆ ಅವಕಾಶ ಕಡಿಮೆಯಾಗುತ್ತ ಹೋದ ಕಾಲ.

ಸೆಪ್ಟಿಮಿಯಸ್ ಸೆವೆರಸ್ ಅಂತರ್ಯುದ್ಧ ಮಾಡಿ ಸಿಂಹಾಸನ ಹಿಡಿದವನು. ಹಳೆಯ ಅರಸು ಮನೆತನದ ರಕ್ತ ಅವನದಲ್ಲ. ಆದ್ದರಿಂದ ೧೯೫ರಲ್ಲಿ ತಾನು ಮಾರ್ಕಸ್ ಆರೀಲಿಯಸ್‌ನ ಮಗನೆಂದು ತಾನೇ ಸಾರಿಕೊಂಡ. ಏಳು ವರ್ಷದ ತನ್ನ ಹಿರಿಮಗನ ಹೆಸರನ್ನೂ ಬದಲಿಸಿ ಮಾರ್ಕಸ್ ಆರೀಲಿಯಸ್ ಎಂಬ ಹೆಸರನ್ನೇ ಇಟ್ಟ. ನಾವು ಕ್ಯಾರಕಲ್ಲ ಎಂದು ಕರೆಯುವವನು ಇವನೇ. ಅವನ ಬಾಲ್ಯದ ಶಿಲ್ಪಗಳಲ್ಲಿ ಮಾರ್ಕಸ್‌ನ ಮಕ್ಕಳ ಅದೇ ಗುಂಗುರು ಕೂದಲು ಬರುತ್ತದೆ. ತಮ್ಮ ಗೇಟಾನಿಗೂ ಅದೇ. ಅಣ್ಣತಮ್ಮಂದಿರ ನಡುವೆ ಒಂದೇ ವರ್ಷದ ಅಂತರ. ಕಲ್ಲಿನಲ್ಲಿ ಇಬ್ಬರೂ ಎಷ್ಟು ಒಂದೇ ತೆರ ಇದ್ದಾರೆಂದರೆ, ಇದು ಯಾರ ತಲೆ ಎಂದು ಇಂದಿಗೂ ವಿದ್ವಾಂಸರು ವಾದಿಸುತ್ತಾರೆ. ಅಣ್ಣತಮ್ಮಂದಿರು ಒಂದೇ ಮನಸ್ಸಿನವರು ಎಂದು ಪ್ರಜೆಗಳಿಗೆ ತೋರಿಸುವುದು ತಂದೆಗೆ ಬೇಕಾಗಿತ್ತು.

ನಿಜಸ್ಥಿತಿ ಬೇರೆಯಿತ್ತು. ತಂದೆ ೨೧೧ರಲ್ಲಿ ತೀರಿಕೊಂಡ. ಅದೇ ವರ್ಷದ ಕೊನೆಗೆ ಕ್ಯಾರಕಲ್ಲ ತಮ್ಮನನ್ನು ಕೊಲ್ಲಿಸಿದ. ತಾಯಿ ಜೂಲಿಯಾ ಡೋಮ್ನಾಳ ತೋಳಿನಲ್ಲೇ ಗೇಟಾ ಸತ್ತ. ಆಮೇಲೆ ಗೇಟಾನ ಹೆಸರು, ಮುಖ ಎಲ್ಲೂ ಉಳಿಯಬಾರದೆಂದು ಆಜ್ಞೆಯಾಯಿತು. ರೋಮಿನಲ್ಲಿ ಸೆವೆರಸ್‌ನ ವಿಜಯದ ಕಮಾನಿದೆ, ೨೦೩ರದು. ಅದರ ನೆತ್ತಿಯ ಶಾಸನದಲ್ಲಿ ಗೇಟಾನ ಹೆಸರಿದ್ದ ಸಾಲನ್ನು ಅಳಿಸಿ ಬೇರೆ ಅಕ್ಷರ ಕೂರಿಸಿದರು. ಮೊದಲಿನ ಲೋಹದ ಅಕ್ಷರಗಳನ್ನು ಬಡಿದಿದ್ದ ತೂತುಗಳು ಇವತ್ತಿಗೂ ಕಾಣುತ್ತವೆ. ಅದೇ ನಗರದಲ್ಲಿ ಸಾಹುಕಾರರು ಕಟ್ಟಿಸಿದ ಇನ್ನೊಂದು ಸಣ್ಣ ಕಮಾನಿದೆ. ಅದರೊಳಗೆ ತಾಯಿ ತಂದೆ ಪೂಜೆ ಮಾಡುತ್ತ ನಿಂತಿದ್ದಾರೆ. ಅವರ ಪಕ್ಕದಲ್ಲಿ ಖಾಲಿ ಕಲ್ಲು. ಅಲ್ಲಿ ಗೇಟಾ ನಿಂತಿದ್ದ. ಬರ್ಲಿನ್ನಿನಲ್ಲಿ ಇದೇ ಕುಟುಂಬದ ಚಿತ್ರವೊಂದು ಮರದ ಹಲಗೆಯ ಮೇಲಿದೆ. ಅಪ್ಪ, ಅವ್ವ, ಇಬ್ಬರು ಹುಡುಗರು. ಒಬ್ಬ ಹುಡುಗನ ಮುಖವನ್ನು ಉಜ್ಜಿ ಅಳಿಸಿದ್ದಾರೆ. ಅರಸುಮಗುವಿನ ಮುಖಕ್ಕೆ ಎಷ್ಟು ಬೆಲೆ ಇತ್ತೆಂಬುದು ಅದನ್ನು ಕೆತ್ತಿದವರಿಗಿಂತ ಅಳಿಸಿದವರಿಗೇ ಚೆನ್ನಾಗಿ ಗೊತ್ತಿತ್ತು.

ಈವರೆಗಿನವರು ಚಕ್ರವರ್ತಿಯ ಮಕ್ಕಳು. ಇನ್ನು ಮುಂದೆ ಬರುವವರು ಮಕ್ಕಳಾಗಿಯೇ ಚಕ್ರವರ್ತಿಯಾದವರು. ಶಿಲ್ಪಿಯ ಇಕ್ಕಟ್ಟು ನಿಜವಾಗಿ ಬಿಗಿಯಾಗುವುದು ಇಲ್ಲಿ.

೨೩೮ರಲ್ಲಿ ಮೂರನೆಯ ಗೋರ್ಡಿಯನ್ ಹದಿಮೂರನೆಯ ವಯಸ್ಸಿಗೆ ಚಕ್ರವರ್ತಿಯಾದ. ಆ ಒಂದೇ ವರ್ಷದಲ್ಲಿ ಆರು ಜನ ಚಕ್ರವರ್ತಿ ಎನಿಸಿಕೊಂಡಿದ್ದರು. ಉಳಿದವನು ಈ ಹುಡುಗ. ಅವನ ಅಮೃತಶಿಲೆಯ ಎದೆಮಟ್ಟದ ಪ್ರತಿಮೆ ಲೂವ್ರ್‌ನಲ್ಲಿದೆ. ಅದನ್ನು ಮಾತಿನಲ್ಲೇ ನಿಮ್ಮ ಮುಂದಿಡುತ್ತೇನೆ. ಗುಂಗುರು ಕೂದಲು ಮಾಯವಾಗಿದೆ. ಸಿಪಾಯಿಯ ಹಾಗೆ ಗಿಡ್ಡಗೆ ಕತ್ತರಿಸಿದ ಕೂದಲು. ಅದನ್ನು ಉಬ್ಬಿಸಿ ಕೆತ್ತಿಲ್ಲ. ತಲೆಯ ನುಣುಪಿನ ಮೇಲೆ ಉಳಿಯಿಂದ ಸಣ್ಣಸಣ್ಣ ಗೀರು ಹಾಕಿದ್ದಾರೆ. ಹುಬ್ಬು ದಪ್ಪ. ಹುಬ್ಬುಗಳ ನಡುವೆ ಚಿಂತೆಯ ಗೆರೆ. ಕಣ್ಣು ಗಂಭೀರ. ಅದರ ಕೆಳಗೆ ಬಂದರೆ ತುಟಿಗಳು ಎಳೆಯವು, ಗಲ್ಲ ಮೃದು, ಕೆನ್ನೆ ಇನ್ನೂ ಹುಡುಗನದು. ಮುಖದ ಮೇಲರ್ಧ ಚಕ್ರವರ್ತಿ, ಕೆಳಗಿನ ಅರ್ಧ ಹುಡುಗ. ಈ ಶಿಲ್ಪಿ ಸುಳ್ಳು ಹೇಳಲಾರದೆ, ಪೂರ್ತಿ ನಿಜವನ್ನೂ ಹೇಳಲಾರದೆ ನಡುವೆ ನಿಂತಿದ್ದಾನೆ. ಇಷ್ಟೂ ಮುಖಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಇದೇ. ಗೋರ್ಡಿಯನ್ ೨೪೪ರಲ್ಲಿ ಪರ್ಷಿಯದ ದಂಡಯಾತ್ರೆಯಲ್ಲಿ ತೀರಿಕೊಂಡ. ಹತ್ತೊಂಬತ್ತು ವರ್ಷ ಆಗಿತ್ತು. ಪರ್ಷಿಯದ ದೊರೆ ಶಾಪುರ್ ತನ್ನ ವಿಜಯವನ್ನು ಬಂಡೆಗಳ ಮೇಲೆ ಕೆತ್ತಿಸಿದ. ಅಲ್ಲಿ ಶಾಪುರ್‌ನ ಕುದುರೆಯ ಕಾಲಡಿ ಬಿದ್ದಿರುವವನು ಇದೇ ಗೋರ್ಡಿಯನ್ ಎನ್ನುತ್ತಾರೆ.

ಅವನ ನಂತರ ಬಂದ ಫಿಲಿಪ್ ತನ್ನ ಏಳು ವರ್ಷದ ಮಗನನ್ನು ಯುವರಾಜನನ್ನಾಗಿ ಮಾಡಿದ, ಮೂರು ವರ್ಷ ಕಳೆದು ಸಹಚಕ್ರವರ್ತಿಯನ್ನಾಗಿಯೂ ಮಾಡಿದ. ಮಗನ ಹೆಸರೂ ಫಿಲಿಪ್. ರೋಮ್ ನಗರಕ್ಕೆ ಸಾವಿರ ವರ್ಷ ತುಂಬಿತೆಂದು ೨೪೮ರಲ್ಲಿ ದೊಡ್ಡ ಉತ್ಸವ ನಡೆಯಿತು. ಹಳೆಯ ಲ್ಯಾಟಿನ್ ಚರಿತ್ರೆಯೊಂದು ಈ ಹುಡುಗನ ಬಗ್ಗೆ ಒಂದು ಮಾತು ಹೇಳುತ್ತದೆ. ಐದನೆಯ ವಯಸ್ಸಿನಿಂದಲೂ ಅವನನ್ನು ಯಾರಿಗೂ ನಗಿಸಲಾಗಲಿಲ್ಲವಂತೆ. ಉತ್ಸವದ ಆಟಗಳಲ್ಲಿ ತಂದೆ ಗಟ್ಟಿಯಾಗಿ ನಕ್ಕಾಗ ಇವನು ಮುಖ ತಿರುಗಿಸಿದನಂತೆ. ಬರೆದವನು ಇದನ್ನು ಹುಡುಗನ ಸ್ವಭಾವವೆಂದು ಬರೆದಿದ್ದಾನೆ. ನನಗೆ ಮಾತ್ರ ಅದು ಕಲಿಸಿದ ಪಾಠದ ಹಾಗೆ ಕೇಳುತ್ತದೆ. ಶಿಲ್ಪದಲ್ಲಿ ಕಾಣುವ ಗಂಭೀರ ಮುಖವನ್ನು ಜೀವಂತ ಹುಡುಗನೂ ಹೊತ್ತು ತಿರುಗಬೇಕಾಗಿತ್ತು. ಮರುವರ್ಷವೇ ತಂದೆಯೂ ಮಗನೂ ಹತರಾದರು.

ಗೋರ್ಡಿಯನ್‌ನಲ್ಲಿ ಅರ್ಧ ಮುಖ ಇನ್ನೂ ಮಗುವಿನದಾಗಿತ್ತು. ನಾಲ್ಕನೆಯ ಶತಮಾನಕ್ಕೆ ಬರುವ ಹೊತ್ತಿಗೆ ಆ ಅರ್ಧವೂ ಹೋಗುತ್ತದೆ. ಅದು ಹೇಗೆ ಹೋಯಿತು ನೋಡೋಣ.

ಕಾನ್‌ಸ್ಟಂಟೈನ್‌ನ ಕಾಲ. ೩೧೭ರಲ್ಲಿ ಒಂದೇ ದಿನ ಮೂವರಿಗೆ ಯುವರಾಜ ಪಟ್ಟ ಕಟ್ಟಿದರು. ಅವರಲ್ಲಿ ಇಬ್ಬರು ಕೂಸುಗಳು. ಒಂದಕ್ಕೆ ವರ್ಷ ತುಂಬಿರಲಿಲ್ಲ, ಇನ್ನೊಂದಕ್ಕೆ ಎರಡು ತುಂಬಿರಲಿಲ್ಲ. ಹಿರಿಯವನಾದ ಕ್ರಿಸ್ಪಸ್‌ನನ್ನು ೩೨೬ರಲ್ಲಿ ತಂದೆ ಕಾನ್‌ಸ್ಟಂಟೈನ್‌ನೇ ಕೊಲ್ಲಿಸಿದ. ಈ ಮನೆತನದ ಹುಡುಗರ ಅಮೃತಶಿಲೆಯ ತಲೆಗಳು ಒಂದೇ ಎರಕದಲ್ಲಿ ಬಂದಂತಿವೆ. ಹಣೆಯ ಮೇಲೆ ಸಾಲಾಗಿ ಬಾಚಿದ ಕೂದಲು, ಬಹಳ ದೊಡ್ಡ ಕಣ್ಣು, ಗೆರೆಯಿಲ್ಲದ ಕೆನ್ನೆ. ಯಾವುದು ಯಾರದೆಂದು ಹೇಳುವುದು ಕಷ್ಟ. ಇದನ್ನು ಶಿಲ್ಪಿಗಳ ಕೈ ಸೋತದ್ದು ಎಂದು ಹಿಂದಿನವರು ಬರೆದರು. ನಾನು ಒಪ್ಪುವುದಿಲ್ಲ. ಅದೇ ಕಾಲದ ಕುಸುರಿ ಕೆಲಸ ನೋಡಿದರೆ ಕೈ ಸೋತಿರಲಿಲ್ಲ ಎಂದು ತಿಳಿಯುತ್ತದೆ. ಪ್ರತಿಮೆ ಮಾಡಿಸಿದವರು ಕೇಳಿದ್ದೇ ಬೇರೆ. ಈ ಹುಡುಗ ಯಾರು ಎಂಬುದು ಅವರಿಗೆ ಬೇಕಿರಲಿಲ್ಲ. ಸಿಂಹಾಸನ ಖಾಲಿಯಿಲ್ಲ ಎಂಬುದು ಬೇಕಾಗಿತ್ತು.

ಆ ಕಾಲದ ಅರಸನ ನಡೆ ಹೇಗಿರಬೇಕಿತ್ತು ಎಂಬುದಕ್ಕೆ ಒಂದು ಕಣ್ಣಾರೆ ಕಂಡಂಥ ವರ್ಣನೆ ಇದೆ. ೩೫೭ರಲ್ಲಿ ಕಾನ್‌ಸ್ಟಂಟೈನ್‌ನ ಮಗ ಕಾನ್‌ಸ್ಟಾಂಟಿಯಸ್ ರೋಮ್ ನಗರಕ್ಕೆ ಬಂದ. ಅಮಿಯಾನಸ್ ಎಂಬ ಚರಿತ್ರೆಕಾರ ಅದನ್ನು ಬರೆದಿಟ್ಟಿದ್ದಾನೆ. ಚಕ್ರವರ್ತಿ ರಥದಲ್ಲಿ ಕೂತು ಬಂದ. ಕತ್ತನ್ನು ಎಡಕ್ಕೂ ತಿರುಗಿಸಲಿಲ್ಲ, ಬಲಕ್ಕೂ ತಿರುಗಿಸಲಿಲ್ಲ. ರಥ ಕುಲುಕಿದರೂ ಅಲುಗಲಿಲ್ಲ. ಮುಖ ಒರೆಸಿಕೊಳ್ಳಲಿಲ್ಲ. ಮನುಷ್ಯನಲ್ಲ, ಮನುಷ್ಯನ ಪ್ರತಿಮೆಯೇ ಬಂದಂತಿತ್ತು ಎಂಬುದು ಅವನ ವರ್ಣನೆಯ ತಾತ್ಪರ್ಯ. ಕಾನ್‌ಸ್ಟಾಂಟಿಯಸ್ ಆಗ ಸುಮಾರು ನಲವತ್ತರ ಗಂಡಸು. ಅವನು ಇದನ್ನು ಅಭ್ಯಾಸದಿಂದ ಮಾಡಿದ. ಎಂಟು ವರ್ಷದವನು, ನಾಲ್ಕು ವರ್ಷದವನು ಅದೇ ಆಸನದಲ್ಲಿ ಕೂತಾಗ ಏನು ಮಾಡಬೇಕು? ಅಪ್ಪನ ರುಮಾಲನ್ನು ಮಗನ ತಲೆಗಿಟ್ಟು, ಕಣ್ಣು ಮುಚ್ಚುವಂತೆ ಜಾರಿದರೂ ಅಲುಗಬೇಡ ಎಂದು ಪಂಚರ ಮುಂದೆ ಕೂರಿಸಿದ ಹಾಗೆ ಅದು.

ನಾಲ್ಕು ವರ್ಷದವನು ಎಂದೆನಲ್ಲ, ಅದು ಸುಮ್ಮನೆ ಹೇಳಿದ ಲೆಕ್ಕವಲ್ಲ. ಗ್ರೇಷಿಯನ್‌ನ ಮಲತಮ್ಮ ಎರಡನೆಯ ವ್ಯಾಲೆಂಟಿನಿಯನ್. ತಂದೆ ೩೭೫ರಲ್ಲಿ ತೀರಿಕೊಂಡಾಗ ಈ ಹುಡುಗನಿಗೆ ನಾಲ್ಕು ವರ್ಷ. ಸೇನಾಪತಿಗಳು ಅವನನ್ನೇ ಚಕ್ರವರ್ತಿ ಎಂದು ಸಾರಿದರು. ಟರ್ಕಿಯ ಆಫ್ರೊಡಿಸಿಯಾಸ್ ಎಂಬ ಹಳೆಯ ನಗರದ ಸ್ನಾನಗೃಹದಲ್ಲಿ ಸಿಕ್ಕ ಆಳೆತ್ತರದ ಪ್ರತಿಮೆಯೊಂದನ್ನು ಸಾಮಾನ್ಯವಾಗಿ ಅವನದೆಂದು ಗುರುತಿಸುತ್ತಾರೆ. ಈಗ ಅದು ಇಸ್ತಾಂಬುಲ್ ಸಂಗ್ರಹಾಲಯದಲ್ಲಿದೆ. ಹದಿಹರೆಯದ ಅರಸು. ಮೈಮೇಲೆ ಅನೇಕ ಮಡಿಕೆಗಳ ಭಾರವಾದ ಬಟ್ಟೆ. ತಲೆಯ ಸುತ್ತ ಮುತ್ತಿನ ಪಟ್ಟಿ. ಕೂದಲು ಟೊಪ್ಪಿಗೆಯಂತೆ ಮುಂದಕ್ಕೆ ಬಾಚಿದೆ. ಮುಖ ಮೊಟ್ಟೆಯಷ್ಟು ನುಣುಪು. ನೋಟ ನಮ್ಮನ್ನು ದಾಟಿ ಹೋಗುತ್ತದೆ. ಗೋರ್ಡಿಯನ್‌ನ ಹುಬ್ಬಿನ ಚಿಂತೆಯೂ ಇಲ್ಲಿಲ್ಲ, ತುಟಿಯ ಎಳೆತನವೂ ಇಲ್ಲ. ಈ ಹುಡುಗನ ಹೆಸರಿನಲ್ಲಿ ಮೊದಲು ತಾಯಿ ಜಸ್ಟಿನಾ ಆಳಿದಳು, ಆಮೇಲೆ ಸೇನಾಪತಿ ಆರ್ಬೊಗಾಸ್ಟ್ ಆಳಿದ. ೩೯೨ರಲ್ಲಿ ಫ್ರಾನ್ಸಿನ ವಿಯೆನ್ ಪಟ್ಟಣದ ಅರಮನೆಯಲ್ಲಿ ಅವನ ದೇಹ ನೇಣಿನಲ್ಲಿ ಸಿಕ್ಕಿತು. ಕೊಲೆಯೋ, ತಾನೇ ಮಾಡಿಕೊಂಡದ್ದೋ, ಅಂದಿನಿಂದಲೂ ವಾದವಿದೆ. ವಯಸ್ಸು ಇಪ್ಪತ್ತೊಂದು. ಅಣ್ಣ ಗ್ರೇಷಿಯನ್ ಅವನಿಗಿಂತ ಮುಂಚೆಯೇ, ೩೮೩ರಲ್ಲಿ, ಲಿಯೋನ್ ನಗರದಲ್ಲಿ ಕೊಲೆಯಾಗಿದ್ದ.

ಸಾಮ್ರಾಜ್ಯದ ಪೂರ್ವಭಾಗದ ಚಕ್ರವರ್ತಿ ಥಿಯೋಡೋಸಿಯಸ್‌ಗೆ ಇಬ್ಬರು ಗಂಡುಮಕ್ಕಳು. ಆರ್ಕೇಡಿಯಸ್ ಐದಾರು ವರ್ಷಕ್ಕೆ ಚಕ್ರವರ್ತಿ ಪದವಿ ಪಡೆದ, ಹೊನೋರಿಯಸ್ ಎಂಟಕ್ಕೆ. ಇಸ್ತಾಂಬುಲಿನಲ್ಲಿ ೧೯೪೯ರಲ್ಲಿ ನೆಲ ಅಗೆಯುವಾಗ ಆರ್ಕೇಡಿಯಸ್‌ನದೆಂದು ಹೇಳುವ ಅಮೃತಶಿಲೆಯ ತಲೆ ಸಿಕ್ಕಿತು. ಕಡೆದವನ ಕೈ ಅದ್ಭುತವಾದದ್ದು. ಕಲ್ಲನ್ನು ದಂತದ ನುಣುಪು ಬರುವವರೆಗೆ ಉಜ್ಜಿದ್ದಾರೆ. ರೆಪ್ಪೆ ಭಾರ, ಬಾಯಿ ಸಣ್ಣದು, ನೋಟ ಸ್ವಲ್ಪ ಮೇಲಕ್ಕೆ. ಎಳೆಯ ಮುಖ ಹೌದು, ಆದರೆ ಅದಕ್ಕೆ ವಯಸ್ಸಿಲ್ಲ. ಹತ್ತು ಎಂದರೂ ಸರಿ, ಇಪ್ಪತ್ತು ಎಂದರೂ ಸರಿ. ಅದೇ ನಗರದಲ್ಲಿ, ಕುದುರೆಪಂದ್ಯದ ಬಯಲಿನಲ್ಲಿ, ಈಜಿಪ್ಟಿನಿಂದ ತಂದು ೩೯೦ರಲ್ಲಿ ನಿಲ್ಲಿಸಿದ ಎತ್ತರದ ಕಲ್ಲುಕಂಬವಿದೆ. ಅದರ ಪೀಠ ಅಮೃತಶಿಲೆಯದು. ಪೀಠದ ಮೇಲೆ ಅರಸು ಕುಟುಂಬ ಸಾಲಾಗಿ ಕೂತು ಪಂದ್ಯ ನೋಡುತ್ತಿದೆ. ನಾಲ್ಕು ಶತಮಾನ ಹಿಂದಿನ ಆ ಯಜ್ಞವೇದಿಕೆಯ ಮಗು ಬಟ್ಟೆ ಜಗ್ಗುತ್ತಿತ್ತಲ್ಲ, ಇಲ್ಲಿ ಯಾರೂ ಏನನ್ನೂ ಜಗ್ಗುವುದಿಲ್ಲ. ಎಲ್ಲರೂ ನೆಟ್ಟಗೆ ಮುಂದಕ್ಕೆ ನೋಡುತ್ತಾರೆ. ಹಿರಿಯರಿಗೂ ಕಿರಿಯರಿಗೂ ಅಳತೆಯ ವ್ಯತ್ಯಾಸ ಮಾತ್ರ.

ಈ ಪ್ರತಿಮೆಗಳು ಬರಿಯ ಅಲಂಕಾರವಾಗಿರಲಿಲ್ಲ. ಚಕ್ರವರ್ತಿಯ ಪ್ರತಿಮೆ ಇದ್ದಲ್ಲಿ ಚಕ್ರವರ್ತಿಯೇ ಇದ್ದಂತೆ. ಅದಕ್ಕೆ ಮಾಡಿದ ಅವಮಾನ ರಾಜದ್ರೋಹ. ೩೮೭ರಲ್ಲಿ ಆಂಟಿಯೋಕ್ ನಗರದಲ್ಲಿ ಹೊಸ ತೆರಿಗೆಯ ಸುದ್ದಿ ಕೇಳಿ ಜನ ರೊಚ್ಚಿಗೆದ್ದರು. ಥಿಯೋಡೋಸಿಯಸ್‌ನ, ತೀರಿಹೋಗಿದ್ದ ಅವನ ರಾಣಿಯ, ಮಕ್ಕಳ ಪ್ರತಿಮೆಗಳಿಗೆ ಹಗ್ಗ ಹಾಕಿ ಎಳೆದು ಕೆಡವಿದರು. ಆಗ ಆರ್ಕೇಡಿಯಸ್‌ಗೆ ಸುಮಾರು ಹತ್ತು ವರ್ಷ. ತೆರಿಗೆ ಹಾಕಿದವನು ಅವನಲ್ಲ. ಆದರೂ ಅವನ ಮುಖ ಬೀದಿಗೆ ಬಿತ್ತು. ಮರುದಿನದಿಂದ ಊರಿಗೆ ಊರೇ ಶಿಕ್ಷೆಯ ಭಯದಲ್ಲಿ ನಡುಗಿತು. ಮುದಿ ಬಿಷಪ್ ಫ್ಲೇವಿಯನ್ ರಾಜಧಾನಿಯವರೆಗೆ ಹೋಗಿ ಕ್ಷಮೆ ಕೇಳಿ ಊರನ್ನು ಉಳಿಸಿದ. ಮಗುವಿನ ಮುಖವನ್ನು ಅಧಿಕಾರದ ಗುರುತಾಗಿ ಮಾಡಿದ ಮೇಲೆ ಅಧಿಕಾರದ ಮೇಲಿನ ಸಿಟ್ಟೂ ಅದೇ ಮುಖಕ್ಕೆ ತಾಗುತ್ತದೆ.

ಕೇಳುಗರೆ, ಕಲ್ಲಿನ ಮುಖದಿಂದ ಬಾಲ್ಯ ಹೇಗೆ ಸರಿಯುತ್ತ ಹೋಯಿತೆಂದು ನೋಡಿದೆವು. ಮೊದಲು ಕೂದಲು ಅಜ್ಜನದಾಯಿತು, ಆಮೇಲೆ ಹಣೆ ಚಕ್ರವರ್ತಿಯದಾಯಿತು, ಕೊನೆಗೆ ಇಡೀ ಮುಖವೇ ಸಿಂಹಾಸನದ್ದಾಯಿತು. ಈಗ ನಮ್ಮ ಸೀಮೆಗೆ ಬರೋಣ.

ತಿಳವಳ್ಳಿಗೆ ದೂರವಲ್ಲದ ಅಕ್ಕಿಆಲೂರಿನಲ್ಲಿ ಕಳೆದ ಶತಮಾನದಲ್ಲಿ ಚಿನ್ನದ ನಾಣ್ಯಗಳ ನಿಧಿಯೊಂದು ಸಿಕ್ಕಿತು. ನಲವತ್ತಕ್ಕೂ ಮಿಕ್ಕಿದ ನಾಣ್ಯಗಳು. ಅವುಗಳಲ್ಲಿ ರೋಮಿನ ಕೊನೆಗಾಲದ, ಕಾನ್‌ಸ್ಟಾಂಟಿನೋಪಲ್ ಅಂದರೆ ಇಂದಿನ ಇಸ್ತಾಂಬುಲ್ ರಾಜಧಾನಿಯಾಗಿದ್ದ ಕಾಲದ ಚಕ್ರವರ್ತಿಗಳ ನಾಣ್ಯಗಳಿವೆ. ನಮ್ಮಲ್ಲಿ ಬನವಾಸಿಯ ಕದಂಬರು ಆಳುತ್ತಿದ್ದಾಗ ಅಲ್ಲಿ ಟಂಕಿಸಿದ ಚಿನ್ನ ಇಲ್ಲಿಯವರೆಗೆ ಬಂದಿತ್ತು. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ನಾಣ್ಯಗಳಲ್ಲಿ ಹಲವಕ್ಕೆ ಅರಸನ ತಲೆಯ ಮೇಲ್ಭಾಗದಲ್ಲಿ ಎರಡು ತೂತು ಕೊರೆದಿದ್ದಾರೆ. ಮುಖ ನೆಟ್ಟಗೆ ನಿಲ್ಲುವಂತೆ ದಾರ ಪೋಣಿಸಿ ಒಡವೆಯಾಗಿ ತೊಟ್ಟಿದ್ದಾರೆ.

ಈ ಕಾಲದ ಚಿನ್ನದಲ್ಲಿ ದಕ್ಷಿಣ ಭಾರತದ ತುಂಬ ಮತ್ತೆ ಮತ್ತೆ ಸಿಗುವ ಹೆಸರು ಎರಡನೆಯ ಥಿಯೋಡೋಸಿಯಸ್. ಆರ್ಕೇಡಿಯಸ್‌ನ ಮಗ. ೪೦೧ರಲ್ಲಿ ಹುಟ್ಟಿದ. ಮರುವರ್ಷದ ಜನವರಿಯಲ್ಲಿ, ಇನ್ನೂ ತೊಟ್ಟಿಲ ಕೂಸಾಗಿದ್ದಾಗ, ಅವನನ್ನು ಚಕ್ರವರ್ತಿ ಎಂದು ಸಾರಿದರು. ಏಳು ತುಂಬಿದಾಗ ತಂದೆ ತೀರಿಕೊಂಡು ಪೂರ್ವ ಸಾಮ್ರಾಜ್ಯ ಪೂರ್ತಿ ಅವನ ಹೆಸರಿಗೆ ಬಂತು. ಅವನ ಶೈಶವದ ನಾಣ್ಯಗಳ ಮೇಲೆ ಏನಿದೆ ಗೊತ್ತೆ? ತಲೆಗೆ ಶಿರಸ್ತ್ರಾಣ, ಎದೆಗೆ ಕವಚ, ಹೆಗಲ ಮೇಲೆ ಹಾಯಿಸಿದ ಈಟಿ, ಎಡಗೈಯಲ್ಲಿ ಗುರಾಣಿ. ಗುರಾಣಿಯ ಮೇಲೆ ಕುದುರೆಸವಾರನ ಚಿತ್ರ. ತಂದೆಯ ನಾಣ್ಯದ ಮೇಲಿನದೇ ಆಕೃತಿ, ಹೆಸರಷ್ಟೇ ಬೇರೆ. ಎದ್ದು ನಿಲ್ಲಲು ಬಾರದ ಕೂಸಿನ ಹೆಗಲಿಗೆ ಈಟಿ ಕೊಟ್ಟಿದ್ದರು. ನಾಲ್ಕೂವರೆ ಗ್ರಾಂ ಚಿನ್ನದ ಬಿಲ್ಲೆಯಲ್ಲಿ ಬಾಲ್ಯಕ್ಕೆ ಕೂದಲೆಳೆಯಷ್ಟೂ ಜಾಗ ಉಳಿದಿರಲಿಲ್ಲ. ಅದು ಹಡಗು ಹತ್ತಿ, ಕಡಲು ದಾಟಿ ನಮ್ಮ ನಾಡಿನವರ ಕೊರಳಿಗೆ ಬಂತು. ತೊಟ್ಟವರಿಗೆ ಅದು ಒಂದು ಕೂಸಿನ ಹೆಸರೆಂದು ಹೇಗೆ ತಿಳಿಯಬೇಕು?

ನಮ್ಮ ನಾಡಿನ ಕಲ್ಲುಗಳಲ್ಲಿ ಅರಸರ ಮಕ್ಕಳು ಇಲ್ಲವೆ? ಬಹಳ ಕಡಿಮೆ. ಮಗುವನ್ನು ಒಬ್ಬಂಟಿಯಾಗಿ ನಿಲ್ಲಿಸಿ ಮುಖ ಕಡೆಯುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ಮಗ ಬಂದರೆ ತಂದೆಯ ಪಕ್ಕದಲ್ಲೇ ಬರುತ್ತಾನೆ. ಮೈಸೂರು ಸೀಮೆಯ ದೊಡ್ಡಹುಂಡಿಯಲ್ಲಿ ಒಂಬತ್ತನೆಯ ಶತಮಾನದ ನಿಷಿಧಿ ಕಲ್ಲಿದೆ, ಅಂದರೆ ಸತ್ತವರ ನೆನಪಿನ ಕಲ್ಲು. ಗಂಗರ ಅರಸ ನೀತಿಮಾರ್ಗ ಸಾವಿನ ಹಾಸಿಗೆಯಲ್ಲಿದ್ದಾನೆ. ಅವನ ಬಳಿ ನಂಬಿಕೆಯ ಸೇವಕ ಅಗರಯ್ಯ, ಹಿರಿಯ ಮಗ. ಮಗ ಬೆಳೆದವನೇ, ಮುಂದೆ ಆಳಬೇಕಾದವನೇ. ಆದರೂ ಆ ಕಲ್ಲಿನಲ್ಲಿ ಅವನು ಸಾಯುತ್ತಿರುವ ತಂದೆಯ ಮಗನಾಗಿ ನಿಂತಿದ್ದಾನೆ. ಇನ್ನು ಹಾನಗಲ್ಲಿನದೇ ವೀರಗಲ್ಲು. ೧೧೯೬ರ ಸುಮಾರಿಗೆ ಹೊಯ್ಸಳ ಬಲ್ಲಾಳ ಆನೆಕೆರೆಯ ಬಳಿ ದಂಡು ಇಳಿಸಿ ಹಾನಗಲ್ಲನ್ನು ಮುತ್ತಿದ. ಕದಂಬ ಕಾಮದೇವನ ಸೇನಾಪತಿ ಸೋಹಣಿ ಕಾದಿ ಮಡಿದ. ಆ ಕಾಳಗದಲ್ಲಿ ಅವನ ಮಗ ಪದ್ಮಯ್ಯನೂ ತಂದೆಯ ಜೊತೆಗಿದ್ದ ಎಂದು ಶಾಸನ ಹೇಳುತ್ತದೆ. ಅಲ್ಲಿ ಕೆತ್ತಿರುವುದು ಕಾಳಗದ ಗದ್ದಲ. ಮುಖದ ಹೋಲಿಕೆಗೆ ಅಲ್ಲಿ ಯಾರೂ ಉಳಿ ಹಿಡಿಯಲಿಲ್ಲ.

ಇದರಿಂದ ನಮ್ಮ ಶಿಲ್ಪಿ ದೊಡ್ಡವನು, ಅವರ ಶಿಲ್ಪಿ ಸಣ್ಣವನು ಎಂದು ನಾನು ಹೇಳುತ್ತಿಲ್ಲ. ಎರಡು ನಾಡುಗಳು ಕಲ್ಲಿನಿಂದ ಕೇಳಿದ್ದು ಬೇರೆ ಬೇರೆ. ರೋಮ್ ಮುಖ ಕೇಳಿತು. ಅದರಿಂದಲೇ ಎಳೆಯ ಗೋರ್ಡಿಯನ್‌ನ ಹುಬ್ಬಿನ ಗೆರೆಯನ್ನು ಇಂದು ನಾವು ಓದಬಲ್ಲೆವು. ನಮ್ಮವರು ಮಾಡಿದ ಕೆಲಸವನ್ನು, ಮಡಿದ ಬಗೆಯನ್ನು ಕೇಳಿದರು. ಅದರಿಂದ ಪದ್ಮಯ್ಯನ ಹೆಸರು ಉಳಿಯಿತು, ಕಣ್ಣುಮೂಗು ಉಳಿಯಲಿಲ್ಲ.

ರೋಮನ್ ಜಗತ್ತಿನಲ್ಲಿ ಅಮೃತಶಿಲೆಯ ಪ್ರತಿಮೆ ನಿಲ್ಲಿಸುವ ರೂಢಿ ಐದನೆಯ ಶತಮಾನದಿಂದ ತೆಳುವಾಗುತ್ತ, ಏಳನೆಯ ಶತಮಾನದ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಯಿತು. ಎಷ್ಟೋ ತಲೆಗಳು ಸುಣ್ಣದ ಗೂಡಿಗೆ ಹೋದವು. ಅಮೃತಶಿಲೆಯನ್ನು ಸುಟ್ಟರೆ ಒಳ್ಳೆಯ ಸುಣ್ಣವಾಗುತ್ತದೆ. ಉಳಿದವು ಮಣ್ಣಿನಲ್ಲಿ, ಗೋಡೆಗಳ ತಳಪಾಯದಲ್ಲಿ ಸಿಕ್ಕವು. ಬಹಳಷ್ಟು ಮೂಗು ಮುರಿದವು, ಹೆಸರಿಲ್ಲದವು.

ನಮ್ಮ ಹಳ್ಳಿಗಳ ಕಲ್ಲುಗಳಿಗೂ ಇಂಥ ಅಪಾಯ ಇದೆ. ತಿಳವಳ್ಳಿಯ ಸುತ್ತಮುತ್ತ, ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ವೀರಗಲ್ಲುಗಳು ನಿಂತಿವೆ. ಕೆಲವಕ್ಕೆ ಸುಣ್ಣ ಬಳಿದಿದ್ದೇವೆ, ಕೆಲವಕ್ಕೆ ಎಣ್ಣೆಬಣ್ಣ. ದಯವಿಟ್ಟು ಬಣ್ಣ ಹಚ್ಚಬೇಡಿ. ಚಾಣದಿಂದ ಕೆರೆಯಲೂ ಬೇಡಿ. ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಕೆಳಗಿನ ಪಟ್ಟಿಕೆಯಿಂದ ಮೇಲಿನವರೆಗೆ ನಿಧಾನ ನೋಡಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಗೆರೆಗಳು ಚೆನ್ನಾಗಿ ಎದ್ದು ಕಾಣುತ್ತವೆ. ದೊಡ್ಡ ಆಕೃತಿಗಳ ನಡುವೆ ಸಣ್ಣದೊಂದು ಆಕೃತಿ ಇದೆಯೇ ಹುಡುಕಿ. ಇದ್ದರೆ ಅದು ಯಾರ ಕೈ ಹಿಡಿದಿದೆ, ಅದರ ಕೈಯಲ್ಲಿ ಏನಿದೆ, ಎತ್ತ ನೋಡುತ್ತಿದೆ, ಬರೆದಿಟ್ಟುಕೊಳ್ಳಿ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಕಲ್ಲಿನಲ್ಲಿರುವ ಮಗು ನಮ್ಮ ಕಣ್ಣಿಗಿಂತ ಮೊದಲು ಅವರ ಕಣ್ಣಿಗೆ ಬೀಳುತ್ತದೆ.